ಮುಳ್ಳುಚಮಚ, ಒಂದು

ವಾಡ್ಸೊದಲ್ಲಿ ಬೂಟು ಬಿಚ್ಚಬೇಕಿಲ್ಲ.
ಆಲ್ಟಾದಲ್ಲಿ ಬಿಚ್ಚಬೇಕು, ಬೆಲ್ಟೂ.
ಹಾಮರ್‌ಫೆಸ್ಟಿನಲ್ಲಿ
ಬೆಲ್ಟು ಇರಲಿ, ಬೂಟು ಸಾಕು ಎಂದವನು ಊಟಕ್ಕೆ ಎದ್ದ.
ಅವನ ಜಾಗಕ್ಕೆ ಬಂದವಳು
ಬೂಟು ಇರಲಿ, ಬೆಲ್ಟು ಸಾಕು ಎಂದಳು.
ಎರಡನ್ನೂ ಕೈಯಲ್ಲಿ ಹಿಡಿದು ನಾನು
ಕಾಲುಚೀಲದಲ್ಲಿ ನಿಂತಿದ್ದೆ,
ಎಡದ ಹೆಬ್ಬೆರಳ ಬಳಿ ತೂತು.

ನನ್ನ ಹೆಸರು ಗುನ್‌ವೋರ್ ಐರಾ.
ನಾರ್ವೆಯ ಈ ಬಡಗಣ ತುದಿಯಲ್ಲಿ
ಮೂವತ್ತೊಂದು ವರ್ಷದಿಂದ ಪಿಯಾನೋಗಳಿಗೆ ಶ್ರುತಿ ಕೂಡಿಸುತ್ತೇನೆ:
ಚರ್ಚಿನದು, ಶಾಲೆಯದು,
ಮೀನಿನ ಕಾರ್ಖಾನೆಯ ಊಟದ ಕೋಣೆಯಲ್ಲಿ
ಉಪ್ಪು ಕುಡಿದು ಉಬ್ಬಿದ್ದು.
ಹಿಮ ರಸ್ತೆಯನ್ನು ನುಂಗಿದ ದಿನಗಳಲ್ಲಿ ಇರುವುದು
ಬಸ್ಸಿನಂತೆ ಊರೂರಿಗೆ ನಿಂತು ಹೋಗುವ ಪುಟ್ಟ ವಿಮಾನ,
ನಿಂತಲ್ಲೆಲ್ಲ ಒಂದು ಬಾಗಿಲು,
ಬಾಗಿಲಿಗೊಂದು ಕಾನೂನು.

ಗೇಣುದ್ದದ ನನ್ನ ಕೀಲಿಯನ್ನು ಅಳೆಯಲು
ಒಬ್ಬ ಸ್ಕೇಲು ತಂದ.
ಸ್ಕೇಲು ಗಿಡ್ಡವಾಯಿತು. ಹೋಗಿ ಎಂದ.
ಇನ್ನೊಬ್ಬಳು ಅಂಟಿನ ಡಬ್ಬಿ ಎತ್ತಿ, ಇದು ದ್ರವವೇ? ಎಂದಳು.
ಬಿಸಿ ಮಾಡಿದರೆ, ಅಂದೆ.
ಸತ್ಯ ಹೇಳಿ ಕೆಟ್ಟೆ.
ನನ್ನ ಹಿಂದಿದ್ದ ಬಾಣಂತಿ
ಕಳೆದ ವಾರ ತನ್ನದೇ ಹಾಲನ್ನು ಗುಟುಕರಿಸಿ ತೋರಿಸಿದವಳು,
ಈ ವಾರ ಕೇಳದೆಯೇ ಬಾಟಲಿಯ ಮುಚ್ಚಳ ತೆಗೆದಳು.
ಅಯ್ಯೋ ಬೇಡಮ್ಮ, ಎಂದು ಹುಡುಗ ಕೆಂಪಾದ.
ಅವಳ ಹಿಂದೆ, ಸೊಂಟದಲ್ಲಿ ಹಿಮಸಾರಂಗದ ಚಾಕು ಮರೆತು ಬಂದ ಮುದುಕ.
ಎಲ್ಲರೂ ನಕ್ಕರು. ಚಾಕು ಪೈಲಟ್ ಕೈಗೆ ಹೋಯಿತು.
ಅವನು ಅಲ್ಲಿ ಯಾರಿಗೋ ಸೋದರಮಾವ.

ದೂರು ಕೊಡಲು ಕುಳಿತರೆ ಕಾಗದ ಮುಗಿಯುತ್ತದೆ.
ನನಗೆ ಬೇರೆಯೇ ಒಂದು ಕಿರಿಕಿರಿ:
ಆ ಬಾಗಿಲುಗಳು ಕೂಗುತ್ತವಲ್ಲ,
ಆಲ್ಟಾದ್ದು ಒಂದು ಸ್ವರ, ವಾಡ್ಸೊದ್ದು ಕೂದಲೆಳೆ ಕೆಳಗೆ,
ಶಿರ್ಕೆನೆಸ್‌ನದು ಎರಡರ ನಡುವೆ ಎಲ್ಲೋ
ನೆಗಡಿಯಾದ ಮಗುವಿನಂತೆ.
ಒಂದಕ್ಕೊಂದು ಹೊಂದುವುದಿಲ್ಲ.
ಯಾರಾದರೂ ಅನುಮತಿ ಕೊಟ್ಟರೆ
ಒಂದು ದಿನದ ಕೆಲಸ.

ಶಿರ್ಕೆನೆಸ್‌ನಲ್ಲಿ ಐಲಿಫ್ ಎಂಬ ಹುಡುಗನಿದ್ದ,
ಮೀಸೆ ಇನ್ನೂ ನಿರ್ಧಾರಕ್ಕೆ ಬಂದಿರಲಿಲ್ಲ.
ನವೆಂಬರಿನಲ್ಲಿ ನನ್ನ ಶ್ರುತಿಕವೆ ಎತ್ತಿ
ಏನಿದು ಎಂದ. ಹೊಡೆದು ನೋಡು, ಅಂದೆ.
ತಟ್ಟೆಯ ಅಂಚಿಗೆ ತಾಗಿಸಿ ಕಿವಿಗೆ ಹಿಡಿದ.
ಸೆಕೆಂಡಿಗೆ ನಾನೂರ ನಲವತ್ತು ಸಲ ನಡುಗುವ ಉಕ್ಕು,
ನನ್ನ ಗುರುವಿನ ಕೈಯಲ್ಲೂ ಅಷ್ಟೇ, ಚಳಿಯಲ್ಲೂ ಹೆಚ್ಚುಕಡಿಮೆ ಅಷ್ಟೇ.
ಸಾಲು ಸುಮ್ಮನಾಯಿತು.
ಅವನು ಅದನ್ನು ಎರಡೂ ಕೈಯಿಂದ ಹಿಂತಿರುಗಿಸಿದ.

ಜನವರಿಯಲ್ಲಿ ಅದೇ ಐಲಿಫ್,
ಅದೇ ಕವೆ, ಅದೇ ನಾನು.
ನಿನ್ನೆಯಿಂದ ನಿಯಮ ಬದಲಾಗಿದೆ, ಎಂದ,
ನನ್ನ ಭುಜದಾಚೆ ಗೋಡೆ ನೋಡುತ್ತ.
ಯಾವ ನಿಯಮ?
ಎರಡು ಮೊನೆ ಇರುವ ವಸ್ತುಗಳು.
ಮೊನೆ ಎಲ್ಲಿದೆ ತೋರಿಸು, ಮಗಾ.
ತೋರಿಸಲಿಲ್ಲ. ಪುಸ್ತಕ ತೆರೆದು
ರಸೀದಿ ಬರೆದ: ಮುಳ್ಳುಚಮಚ, ಒಂದು.
ನಮ್ಮ ಭಾಷೆಯಲ್ಲಿ ಅದರ ಹೆಸರಿನ ಅರ್ಧ ಹಾಗೆಯೇ ಇದೆ,
ಉಳಿದರ್ಧಕ್ಕೆ ಕಾಲಂನಲ್ಲಿ ಜಾಗವಿರಲಿಲ್ಲ.

ಕತ್ತರಿ, ಉಗುರಿನ ಅರ, ಯಾರದೋ ಆಟಿಕೆ ಪಿಸ್ತೂಲು,
ಆ ಡಬ್ಬದೊಳಗೆ ಅವನು ಅದನ್ನು ಬಿಟ್ಟ.
ಬೀಳುತ್ತ ಏನಕ್ಕೋ ತಾಗಿತು.
ತಳದಿಂದ, ಕತ್ತರಿಗಳ ನಡುವಿನಿಂದ,
ಒಂದಿಷ್ಟೂ ಏರದೆ ಇಳಿಯದೆ
ತನ್ನ ಸ್ವರ ಹೇಳಿತು.
ಐಲಿಫ್ ಕೇಳಿದ. ನಾನು ಕೇಳಿದೆ.
ಮುಂದಿನವರು, ಎಂದು ಅವನು ಕೂಗಿದ.

ಮೆಹಾಮ್ನ್ ತಲುಪುವವರೆಗೆ ಯಾರೊಡನೆಯೂ ಮಾತಾಡಲಿಲ್ಲ.
ತುಂಬಿದ ಲೋಟದಂತೆ
ಆ ಸ್ವರವನ್ನು ಕಿವಿಯಲ್ಲಿ ಇಟ್ಟುಕೊಂಡು,
ಕಾಫಿ ಬೇಡವೆಂದು ಕೈಯಲ್ಲೇ ಹೇಳಿ,
ನೇರ ಚರ್ಚಿಗೆ ನಡೆದು ಮೊದಲ ತಂತಿಗೆ ಸುರಿದೆ.
ಸರಿಯಾಯಿತೋ ಇಲ್ಲವೋ,
ಅಲ್ಲಿಯ ಪಾದ್ರಿಗೆ ಕಿವಿ ಮಂದ.

ಮರುದಿನ ಮೆಹಾಮ್ನಿನ ಬಾಗಿಲು, ಹೊಸ ಹುಡುಗಿ.
ಚೀಲದಲ್ಲಿ ಚೂಪಾದದ್ದೇನಾದರೂ?
ರಸೀದಿ ಇದೆ, ಅಂದೆ.
ಬೂಟು ಬಿಚ್ಚಲೇ?
ಅವಳು ಆಚೀಚೆ ನೋಡಿದಳು,
ಕೇಳಲು ಯಾರೂ ಇರಲಿಲ್ಲ.
ನಿಮ್ಮಿಷ್ಟ, ಎಂದಳು.

ನಾನು ಒಂದನ್ನು ಬಿಚ್ಚಿದೆ.